ಅಂಕಣಕ್ಕೊಂದು ಹೆಸರು: ಗುಮ್ಮಟದ ಕಟ್ಟಡಗಳನ್ನು ಡಿಜಿಟಲ್ ನಕ್ಷೆಗೆ ತರುವ ಬಗೆ

ಕಲಬುರಗಿ ಕೋಟೆಯ ಜಾಮಿ ಮಸೀದಿಯಲ್ಲಿ ನಾವು ಮೊದಲ ಸಲ ತೆಗೆದ 840 ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿದಾಗ, ಯಾವ ಗೌಂಡಿಯೂ ಕಟ್ಟದಂಥ ಕಟ್ಟಡವೊಂದು ಮೂಡಿತು. ಉತ್ತರದ ಸಾಲು ದಕ್ಷಿಣದ ಸಾಲಿನ ಮೇಲೆ ಹೋಗಿ ಕುಳಿತಿತ್ತು. ನಡುವಿನ ಅಂಕಣಗಳು, ಅಂದರೆ ನಾಲ್ಕು ಕಂಬಗಳ ನಡುವಿನ ಜಾಗಗಳು, ಒಂದರೊಳಗೊಂದು ಮುಳುಗಿ ಬೆರಳೆಣಿಕೆಯಷ್ಟೇ ಉಳಿದಿದ್ದವು. ಎರಡು ದಿನದ ದುಡಿಮೆ ಹೋಯಿತೆಂದು ವಿದ್ಯಾರ್ಥಿಗಳ ಮುಖ ಬಾಡಿತು.

ಚಿತ್ರಗಳಲ್ಲಿ ತಪ್ಪಿರಲಿಲ್ಲ. 1367ರಲ್ಲಿ ಕಟ್ಟಿದ ಈ ಮಸೀದಿಗೆ ತೆರೆದ ಅಂಗಳವೇ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲದ ನೆಲವೆಲ್ಲ ಗುಮ್ಮಟ, ಕಮಾನುಗಳ ಕೆಳಗಿದೆ. ಒಳಗೆ ನಿಂತರೆ ಎತ್ತ ತಿರುಗಿದರೂ ಅದೇ ಬಿಳಿ ಗಾರೆ, ಅದೇ ಕಮಾನು, ಅದೇ ನೆರಳು. ಚಿತ್ರಗಳಿಂದ ಮೂರು ಆಯಾಮದ ಮಾದರಿ ಕಟ್ಟುವ ತಂತ್ರಾಂಶ ಒಂದು ಚಿತ್ರದ ಗುರುತನ್ನು ಇನ್ನೊಂದರಲ್ಲಿ ಹುಡುಕಿ ಜೋಡಿಸುತ್ತದೆ. ಹತ್ತು ಅಂಕಣಗಳು ಒಂದೇ ಥರ ಕಂಡರೆ ಅದು ಹತ್ತನ್ನೂ ಒಂದೇ ಎಂದುಕೊಳ್ಳುತ್ತದೆ. ಆ ಅಂಕಣಗಳನ್ನು ಬೇರೆ ಬೇರೆಯಾಗಿ ತೋರಿಸಿಕೊಡುವ ಕೆಲಸ ನಮ್ಮದಾಗಿತ್ತು. ನಾವು ಅದನ್ನು ಮಾಡಿರಲಿಲ್ಲ.

ನಾನು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಸರ್ವೆ ಮತ್ತು ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಸುತ್ತೇನೆ. ಅಪ್ಪ ಗೌಂಡಿ ಕೆಲಸ ಮಾಡಿದವರು. ಯಾವ ಕಟ್ಟಡಕ್ಕೆ ಹೋದರೂ ಮೊದಲು ಸುತ್ತ ನಡೆದು, ಆಮೇಲೆ ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆದು, ಕೊನೆಗೆ ಟೇಪು ಬಿಚ್ಚುತ್ತಿದ್ದರು. ಈಗ ನಾವು ಅನುಸರಿಸುವುದೂ ಅದೇ ಕ್ರಮವನ್ನು. ಇದ್ದಿಲಿನ ಬದಲು ಕಾಗದ ಮತ್ತು ಪೆನ್ಸಿಲ್, ಅಷ್ಟೇ.

ಮೊದಲ ದಿನ ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆಯಬೇಡಿ. ಕಂಬಗಳನ್ನು ಎಣಿಸಿ ಕೈಯಲ್ಲೇ ನೆಲನಕ್ಷೆ ಬರೆಯಿರಿ. ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ಸಾಲುಗಳಿಗೆ ಕ, ಖ, ಗ ಎಂದೂ ಅಡ್ಡಸಾಲುಗಳಿಗೆ 1, 2, 3 ಎಂದೂ ಹೆಸರಿಡಿ. ಆಗ ಪ್ರತಿ ಅಂಕಣಕ್ಕೂ ಗ-4, ಚ-2 ಎಂಬಂತೆ ತನ್ನದೇ ಹೆಸರು ಬರುತ್ತದೆ. ಅದನ್ನು ದಪ್ಪ ಅಕ್ಷರದಲ್ಲಿ ಬರೆದ ಎ4 ಹಾಳೆಯನ್ನು ಆ ಅಂಕಣದ ನೆಲದ ಮೇಲಿಟ್ಟು, ಹಾರದಂತೆ ಮರಳಿನ ಸಣ್ಣ ಚೀಲವಿಡಿ. ಗೋಡೆಗೆ, ಕಂಬಕ್ಕೆ ಅಂಟು, ಟೇಪು, ಸೀಮೆಸುಣ್ಣ ಯಾವುದನ್ನೂ ತಾಗಿಸಬಾರದು. ಇದರಲ್ಲಿ ನನಗೆ ರಾಜಿಯಿಲ್ಲ. ಹಾಳೆಗಳು ಕಂಪ್ಯೂಟರಿಗೆ ಬೇಕಾದ ಬೇರೆ ಬೇರೆ ಗುರುತುಗಳನ್ನು ಕೊಡುತ್ತವೆ. ಹಾಗಿದ್ದೂ ಎಲ್ಲಾದರೂ ಜೋಡಣೆ ತಪ್ಪಿದರೆ ಯಾವ ಅಂಕಣದಲ್ಲಿ ತಪ್ಪಿತೆಂದು ನಮಗೂ ತಿಳಿಯುತ್ತದೆ.

ಎರಡನೆಯ ದಿನ ಅಳತೆ. ಲೇಸರ್ ದೂರಮಾಪಕವೊಂದು ಇದ್ದರೆ ಸಾಕು, ಆದರೆ ಕೋನ ತೋರಿಸುವಂಥದ್ದನ್ನೇ ಕೊಳ್ಳಿ. ಅಂಕಣದ ನಾಲ್ಕು ಬದಿಗಳ ಜೊತೆಗೆ ಎರಡೂ ಕರ್ಣಗಳನ್ನು ಅಳೆಯಬೇಕು. ಬದಿಗಳು ಸಮನಾಗಿದ್ದು ಕರ್ಣಗಳಲ್ಲಿ ವ್ಯತ್ಯಾಸ ಬಂದರೆ ಅಂಕಣ ಓರೆಯಾಗಿದೆ ಎಂದರ್ಥ. ಹಳೆಯ ಕಟ್ಟಡಗಳಲ್ಲಿ ಓರೆ ಸಹಜ. ಅದನ್ನು ನೇರಮಾಡಿ ಬರೆದರೆ ನಕ್ಷೆ ಸುಳ್ಳಾಗುತ್ತದೆ.

ಕಮಾನಿನ ಆಕಾರ ಹಿಡಿಯುವುದು ಹೀಗೆ. ಲೇಸರನ್ನು ಕಮಾನಿನ ನಡುಮಧ್ಯ, ನೆಲದಿಂದ 1.20 ಮೀಟರ್ ಎತ್ತರದಲ್ಲಿ ನಿಲ್ಲಿಸಿ. ಅಡ್ಡಮಟ್ಟದಿಂದ ಶುರುಮಾಡಿ 5 ಡಿಗ್ರಿಗೊಮ್ಮೆ ಮೇಲಕ್ಕೆ ತಿರುಗಿಸುತ್ತ ದೂರ ಬರೆದುಕೊಳ್ಳಿ. 60 ಡಿಗ್ರಿಯಲ್ಲಿ 6.00 ಮೀಟರ್ ಬಂತೆನ್ನೋಣ. ಅದನ್ನು ಆ ಕೋನದ ಸೈನಿನಿಂದ ಗುಣಿಸಿದರೆ 5.20, ಉಪಕರಣದ ಎತ್ತರ ಕೂಡಿಸಿದರೆ ನೆಲದಿಂದ 6.40 ಮೀಟರ್. ಕೊಸೈನಿನಿಂದ ಗುಣಿಸಿದರೆ ನಡುವಿನಿಂದ ಪಕ್ಕಕ್ಕೆ 3.00 ಮೀಟರ್. ಇಂಥ ಚುಕ್ಕೆಗಳನ್ನು ಗ್ರಾಫ್ ಹಾಳೆಯ ಮೇಲೆ ಇಟ್ಟು ಸೇರಿಸಿದರೆ ಕಮಾನು ತಾನಾಗಿ ಕಾಣುತ್ತದೆ. ಜಾಮಿ ಮಸೀದಿಯ ಅಂಚಿನ ಸಾಲುಗಳಲ್ಲಿ ಕಮಾನುಗಳು ಬಹಳ ಕೆಳಗಿನಿಂದಲೇ ಹೊರಟು ಅಗಲವಾಗಿ ಬಾಗುತ್ತವೆ. ಆ ಬಾಗು ಚುಕ್ಕೆಚುಕ್ಕೆಯಾಗಿ ಹಾಳೆಯ ಮೇಲೆ ಏಳುವುದನ್ನು ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಾಗುವುದಿಲ್ಲ. ವಿದ್ಯಾರ್ಥಿಗಳಿಗೆ ತ್ರಿಕೋನಮಿತಿ ನಿಜವಾಗಿ ಅರ್ಥವಾದದ್ದೂ ಅಲ್ಲೇ. ಕೆಲವು ಮೊಬೈಲುಗಳಲ್ಲಿ ಲೇಸರ್ ಸ್ಕ್ಯಾನರ್ ಇರುತ್ತದೆ, ಕಂಬ, ಬಾಗಿಲುಗಳಿಗೆ ಅದು ಉಪಯುಕ್ತ; ಆದರೆ ಅದರ ಕೈ ಸುಮಾರು 5 ಮೀಟರಿನಾಚೆ ಚಾಚುವುದಿಲ್ಲ, ದೊಡ್ಡ ಗುಮ್ಮಟದ ನೆತ್ತಿ ಅದಕ್ಕೆ ಸಿಗುವುದಿಲ್ಲ.

ಚಿತ್ರ ತೆಗೆಯುವಾಗ ಜೂಮ್ ಮುಟ್ಟಬೇಡಿ, ಫ್ಲ್ಯಾಶ್ ಹಾಕಬೇಡಿ, ಬೆಳಕಿನ ಹೊಂದಾಣಿಕೆಯನ್ನು ಒಂದೇ ಕಡೆ ಕಟ್ಟಿಹಾಕಿ. ಒಂದು ಚಿತ್ರದ ನಾಲ್ಕರಲ್ಲಿ ಮೂರು ಭಾಗವಾದರೂ ಮುಂದಿನದರಲ್ಲಿ ಬರಬೇಕು. ನಿಂತಲ್ಲೇ ನಿಂತು ಸುತ್ತ ತಿರುಗಿದರೆ ಮಾದರಿ ಮೂಡುವುದಿಲ್ಲ, ಪ್ರತಿ ಚಿತ್ರಕ್ಕೂ ಒಂದು ಹೆಜ್ಜೆ ಸರಿಯಬೇಕು. ನಮ್ಮ ಬಿಸಿಲು ಗೊತ್ತಲ್ಲ, ಬಾಗಿಲಿನ ಹೊರಗೆ ಬೆಂಕಿ, ಒಳಗೆ ಕತ್ತಲು. ಮೋಡ ಕವಿದ ದಿನ ಅಥವಾ ಚಳಿಗಾಲದ ಬೆಳಗು ಒಳ್ಳೆಯದು. ಗೊತ್ತಿರುವ ಅಳತೆಯ ಕೋಲೊಂದು ಅಲ್ಲಲ್ಲಿ ಚಿತ್ರದಲ್ಲಿರಲಿ. ಜೋಡಣೆಗೆ ಮೆಶ್‌ರೂಮ್, ಕೋಲ್‌ಮ್ಯಾಪ್ ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ.

ಬೀದರಿನ ಅಷ್ಟೂರಿನಲ್ಲಿ ಬೇರೊಂದು ಪಾಠವಾಯಿತು. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಯ ಗುಮ್ಮಟದ ಒಳಮೈ ತುಂಬ ಬಣ್ಣ ಮತ್ತು ಚಿನ್ನದ ಬರವಣಿಗೆಯಿದೆ. ಒಳಗೆ ಮಬ್ಬು. ಅಲ್ಲಿದ್ದ ಹಿರಿಯರೊಬ್ಬರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಮೇಲಕ್ಕೆ ಎಸೆದರು. ಕೆಂಪು, ನೀಲಿ, ಹೊನ್ನು ಒಮ್ಮೆಲೇ ಎದ್ದು ಬಂದವು. ಆದರೆ ಬೆಳಕು ಅಲುಗಾಡಿದರೆ ಮಾದರಿ ಕೆಡುತ್ತದೆ. “ಚಾಚಾ, ಒಂದು ತಾಸು ಕನ್ನಡಿ ಕೆಳಗಿಡುತ್ತೀರಾ?” ಎಂದು ಕೇಳಿದೆ. “ಕತ್ತಲಲ್ಲಿ ಏನು ಕಾಣುತ್ತದೆ ಬೇಟಿ?” ಎಂದರು. ಟ್ರೈಪಾಡಿನ ಮೇಲೆ ನಿಂತ ಕ್ಯಾಮೆರಾ ಮಬ್ಬಿನಲ್ಲೂ ಬಣ್ಣ ಹಿಡಿದದ್ದನ್ನು ತೋರಿಸಿದ ಮೇಲೆ ಅವರೇ ನಮ್ಮ ಜೊತೆ ನಿಂತು ಜನರನ್ನು ಪಕ್ಕಕ್ಕೆ ಸರಿಸಿದರು. ಕೊನೆಯಲ್ಲಿ ಕನ್ನಡಿಯ ಬೆಳಕಿನ ವಿಡಿಯೊವನ್ನೂ ಬೇರೆಯಾಗಿ ತೆಗೆದೆವು. ಅಳತೆಗೆ ಒಂದು, ನೋಡುವ ಸಂತೋಷಕ್ಕೆ ಇನ್ನೊಂದು, ಎರಡನ್ನೂ ಬೆರೆಸಬಾರದು.

ಅನುಮತಿ ಎಲ್ಲಕ್ಕಿಂತ ಮೊದಲು. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಪತ್ರ ಬರೆಯಬೇಕು. ಡ್ರೋನಿನ ಆಸೆ ಬೀದರಿನಲ್ಲಿ ಬಿಟ್ಟುಬಿಡಿ, ಅಲ್ಲಿ ವಾಯುಪಡೆಯ ನೆಲೆಯಿದೆ. ಬಂದೇ ನವಾಜ್ ದರ್ಗಾದಂಥ ಜನ ನಡೆದುಕೊಳ್ಳುವ ಸ್ಥಳಗಳಲ್ಲಿ ಉಸ್ತುವಾರಿಯವರನ್ನು ಕೇಳಿ, ಅವರು ಹೇಳಿದ ವೇಳೆಗೇ ಹೋಗಿ. ಹರಕೆ ಹೊತ್ತು ಬಂದವರ ಮುಖ ನಮ್ಮ ಮಾದರಿಯಲ್ಲಿ ಇರಬಾರದು.

ಮಾದರಿ ಸಿದ್ಧವಾದರೂ ಪ್ರವಾಸಿಗನ ಕೆಲಸ ಆಗಿರುವುದಿಲ್ಲ. ಅವನಿಗೆ ಬೇಕಾದದ್ದು ದಾರಿ. ಮೊಬೈಲ್ ನಕ್ಷೆಗಳು ಸಾಮಾನ್ಯವಾಗಿ ಗುರುತನ್ನು ಕಟ್ಟಡದ ನಡುವೆ ಇಡುತ್ತವೆ. ಆಟೋದವರು ಹತ್ತಿರದ ರಸ್ತೆಗೆ ಕರೆದೊಯ್ದು ಹಿಂಗೋಡೆಯ ಬಳಿ ಇಳಿಸುತ್ತಾರೆ. ಆದ್ದರಿಂದ ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಲ್ಲಿ ಉಪಗ್ರಹ ಚಿತ್ರ ನೋಡಿ ಕಟ್ಟಡದ ಅಂಚು ಬರೆದ ಮೇಲೆ, ಬಾಗಿಲನ್ನು ಬೇರೆ ಬಿಂದುವಾಗಿ ಗುರುತಿಸಿ. ಆ ಬಿಂದುವನ್ನು ಹೊರಗೆ ಬಯಲಲ್ಲಿ ನಿಂತು ತೆಗೆದುಕೊಳ್ಳಿ. ಗುಮ್ಮಟದ ಕೆಳಗೆ ಜಿಪಿಎಸ್ ನಂಬುವಂತಿಲ್ಲ. ಮೆಟ್ಟಿಲು ಎಷ್ಟು, ಗಾಲಿಕುರ್ಚಿ ಹೋಗುತ್ತದೆಯೇ, ಚಪ್ಪಲಿ ಎಲ್ಲಿ ಬಿಡಬೇಕು, ಕುಡಿಯುವ ನೀರು, ಶೌಚಾಲಯ, ಮಧ್ಯಾಹ್ನದ ನೆರಳು ಎಲ್ಲಿ, ಇವೆಲ್ಲ ಬರಬೇಕು. ನನ್ನ ತಾಯಿಯನ್ನು ಕರೆದುಕೊಂಡು ಕಲಬುರಗಿಯ ಹಫ್ತ್ ಗುಂಬಜ್ ಗೋರಿಗಳಿಗೆ ಹೋದಾಗ ಅವರಿಗೆ ಬೇಕಾದದ್ದು ಸುಲ್ತಾನ ಫಿರೋಜ್ ಶಾನ ಜೋಡಿ ಗುಮ್ಮಟದ ಕಥೆಗಿಂತ ಮೊದಲು ಕೂರಲು ಒಂದು ಕಟ್ಟೆ.

ಹೆಸರನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಿರಿ. ಓಣಿಯ ಹಿರಿಯರು ಕರೆಯುವ ಹೆಸರು ಬೇರೆಯಿದ್ದರೆ ಅದನ್ನೂ ಸೇರಿಸಿ. ದಾರಿ ಕೇಳುವಾಗ ಕೆಲಸಕ್ಕೆ ಬರುವುದು ಅದೇ.

ಮೂಲ ಚಿತ್ರಗಳು, ಅಳತೆಯ ಪುಸ್ತಕ, ದಿನಾಂಕ, ಅಳೆದವರ ಹೆಸರು ಎರಡು ಡಿಸ್ಕ್‌ಗಳಲ್ಲಿ, ಎರಡು ಮನೆಗಳಲ್ಲಿ ಇರಲಿ. ಗೋಡೆಯಲ್ಲಿ ಬಿರುಕು ಕಂಡರೆ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಹತ್ತಿರದಿಂದ ಚಿತ್ರ ತೆಗೆದು, ಅಂಕಣದ ಹೆಸರು ಹಾಕಿಡಿ. ಗ-4ರಲ್ಲಿ ಅಂಥದ್ದೊಂದನ್ನು ನಾವು ಗುರುತಿಸಿದ್ದೇವೆ. ಮಳೆಗಾಲ ಮುಗಿದ ಕೂಡಲೇ ಅದೇ ಜಾಗದಲ್ಲಿ ನಿಂತು ಮತ್ತೆ ಅಳೆಯಬೇಕು.