ಘಾಟಿ ಏರುವಾಗ ಎಂಜಿಬಿ ಕಟಕಟ ಅಂತಿದೆಯಾ? ಮೊದಲು ಪಾಯಿಂಟ್ ನೋಡಿ

ಸಂಪಾಜೆಯಿಂದ ಮಡಿಕೇರಿಗೆ ಏರುವಾಗ ನನ್ನ ಹಳೇ ಎಂಜಿಬಿ ಸ್ಪೋರ್ಟ್ಸ್ ಕಾರು ಮೂರನೇ ಗೇರಿನಲ್ಲಿ ಸದ್ದು ಮಾಡುತ್ತಿತ್ತು. ಡಬ್ಬಿಯಲ್ಲಿ ಕರಿಮೆಣಸು ಹಾಕಿ ಅಲ್ಲಾಡಿಸಿದ ಹಾಗೆ. ಪೆಟ್ರೋಲ್ ಸರಿಯಿಲ್ಲ ಅಂತ ಸುಮ್ನೆ ಬೈದುಕೊಂಡೆ. ನೋಡಿದರೆ ಟೈಮಿಂಗ್ ಜಾಸ್ತಿ ಅಡ್ವಾನ್ಸ್ ಆಗಿತ್ತು, ಅಂದರೆ ಪ್ಲಗ್ಗಿನ ಕಿಡಿ ಬೇಕಾದ್ದಕ್ಕಿಂತ ಬೇಗ ಹಾರುತ್ತಿತ್ತು.

ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗಿಸುವ ಮೊದಲು, ಅದರೊಳಗೆ ತೆರೆದು ಮುಚ್ಚುವ ಸ್ವಿಚ್ಚಿನಂಥ ಪಾಯಿಂಟಿನ ಗ್ಯಾಪ್ ಸರಿಮಾಡಿ. ಗ್ಯಾಪ್ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜಿನಲ್ಲಿ 0.35ರಿಂದ 0.40 ಮಿ.ಮೀ. ಇರಬೇಕು. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗೂ ಮುಂದೆ ಹೋಗುತ್ತದೆ. ಟೈಮಿಂಗ್ ಕೂರಿಸಿ ಆಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ್ದೆಲ್ಲ ನೀರುಪಾಲು.

ಆಮೇಲೆ ಒಂದನೇ ಸಿಲಿಂಡರನ್ನು ಕಂಪ್ರೆಷನ್‌ಗೆ ತಂದು, ಎಂಜಿನ್ನಿನ ಮುಂದಿನ ಪುಲ್ಲಿಯ ಗುರುತನ್ನು, ಪಿಸ್ಟನ್ ತುದಿ ಮುಟ್ಟುವ ಮೊದಲಿನ 10 ಡಿಗ್ರಿಗೆ ನಿಲ್ಲಿಸಿ. ಹೈ ಕಂಪ್ರೆಷನ್ ಎಂಜಿನ್ನಿಗೆ ಈ ಲೆಕ್ಕ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ಸಣ್ಣ ವೈರಿನಿಂದ ಕಾರಿನ ಲೋಹದ ಮೈಗೆ ಒಂದು 12 ವೋಲ್ಟ್ ಬಲ್ಬ್ ಕಟ್ಟಿ, ಕೀ ಆನ್ ಮಾಡಿ. ಕ್ಲ್ಯಾಂಪ್ ಸಡಿಲಿಸಿ ಡಿಸ್ಟ್ರಿಬ್ಯೂಟರನ್ನು ನಿಧಾನ ತಿರುಗಿಸಿ. ಬಲ್ಬ್ ಹತ್ತಿಕೊಂಡ ಕ್ಷಣಕ್ಕೆ ಬಿಗಿ ಮಾಡಿ. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್ ಅಪ್ರದಕ್ಷಿಣವಾಗಿ ತಿರುಗುತ್ತದೆ, ಹಾಗಾಗಿ ಡಿಸ್ಟ್ರಿಬ್ಯೂಟರನ್ನು ಪ್ರದಕ್ಷಿಣವಾಗಿ ತಿರುಗಿಸಿದರೆ ಅಡ್ವಾನ್ಸ್. ನಾನು ಇದನ್ನು ಉಲ್ಟಾ ಮಾಡಿ ಅರ್ಧ ಭಾನುವಾರ ಕಳೆದಿದ್ದೆ! ಕೀ ಆನ್ ಇಟ್ಟು ಟೀ ಕುಡಿಯಲು ಹೋಗಬೇಡಿ, ಕಾಯಿಲ್ ಕಾದುಬಿಡುತ್ತದೆ.

ಎಂಜಿನ್ ಓಡುವಾಗಲೇ ಗುರುತು ತೋರಿಸುವ ಮಿನುಗುದೀಪ, ಸ್ಟ್ರೋಬ್ ಲೈಟ್, ಇದ್ದರೆ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಬಿಚ್ಚಿ, ಪೈಪಿನ ಬಾಯಿ ಮುಚ್ಚಿ, ಟೈಮಿಂಗ್ ನೋಡಿ. ಕೊನೆಗೆ ಅದೇ ಏರಿನಲ್ಲಿ ಓಡಿಸಿ. ಇನ್ನೂ ಕಟಕಟ ಅಂದರೆ ಒಂದೆರಡು ಡಿಗ್ರಿ ಹಿಂದಕ್ಕೆ ತನ್ನಿ. ನಮ್ಮ ಏರಿಗೆ ಪುಸ್ತಕದ ಲೆಕ್ಕಕ್ಕಿಂತ ಕಿವಿಯನ್ನೇ ನಾನು ಜಾಸ್ತಿ ನಂಬುತ್ತೇನೆ.