ಲ್ಯಾವೆಂಡರ್ ನೋಡಲು ಹೊರಟಿರಾ? ಮೊದಲು ಹೂವಿನ ಪಂಚಾಂಗ ನೋಡಿ

ಮುಂಬೈಯಲ್ಲಿ ಬೇಸಿಗೆ ರಜೆ ಅಂದರೆ ಏಪ್ರಿಲ್ ಕೊನೆಯಿಂದ ಜೂನ್ ಎರಡನೇ ವಾರದ ತನಕ. ಊರಿಗೆ ಹೋಗುವುದು, ಮದುವೆ, ಮುಂಜಿ, ಮಾವಿನಹಣ್ಣು, ಎಲ್ಲ ಅದರೊಳಗೇ ಮುಗಿಯಬೇಕು. ಕೆಲವು ವರ್ಷಗಳ ಹಿಂದೆ ಫ್ರಾನ್ಸಿಗೆ ಲ್ಯಾವೆಂಡರ್ ನೋಡಲು ಹೊರಟಾಗ ನಾವೂ ಸುಮ್ನೆ ಮೇ ಕೊನೆಯ ವಾರ ಹಿಡಿದೆವು. ಟೂರ್ ಕಂಪನಿಯವರ ಬ್ರೋಶರ್ ತುಂಬ ನೇರಳೆ ಹೊಲ. ಹೂವು ಯಾವಾಗ ಅರಳುತ್ತದೆ ಅಂತ ಅವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಅಲ್ಲಿ ಹೋಗಿ ಬಸ್ಸಿಂದ ಇಳಿದರೆ ಸಾಲು ಸಾಲು ಬೂದುಹಸಿರು ಪೊದೆ. ಒಂದು ಹೂವಿಲ್ಲ. ಗದಗಿನ ಕಡೆಯವರಾದ ನಮ್ಮತ್ತೆ ಎರಡು ನಿಮಿಷ ನೋಡಿ, ‘ಇದಕ್ಕಿಂತ ನಮ್ಮ ಉಳ್ಳಾಗಡ್ಡಿ ಹೊಲಾನೇ ಛಲೋ’ ಅಂದುಬಿಟ್ಟರು.

ಎರಡನೇ ಸಲ ಜುಲೈ ಮೊದಲ ವಾರ ಹೋದೆವು. ಅದೇ ರಸ್ತೆ, ಅದೇ ಹೊಲ. ಅತ್ತೆ ಆ ಸಲ ಹೋಲಿಕೆ ಮಾಡಲಿಲ್ಲ.

ತಾರೀಕು ಮೊದಲು, ಟಿಕೆಟ್ ಆಮೇಲೆ

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಲ್ಯಾವೆಂಡರ್ ಬಣ್ಣಕ್ಕೆ ತಿರುಗುವುದು ಜೂನ್ ಮಧ್ಯದ ಹೊತ್ತಿಗೆ. ಎಲ್ಲ ಕಡೆ ಒಟ್ಟಿಗೆ ಅರಳುವುದಿಲ್ಲ. ತಗ್ಗಿನಲ್ಲಿ ಬೇಗ, ಎತ್ತರದಲ್ಲಿ ತಡ. ರತ್ನಾಗಿರಿ ಹಾಪೂಸ್ ಮೊದಲು ಬಂದು, ಧಾರವಾಡದ ಆಪೂಸ್ ಆಮೇಲೆ ಬರುತ್ತದಲ್ಲ, ಹಾಗೆ.

ಫೋಟೊಗಳಲ್ಲಿ ಕಾಣುವ ಕೊನೆಯೇ ಇಲ್ಲದ ಹೊಲಗಳು ಬಹುಪಾಲು ವಲಾನ್‌ಸೋಲ್ ಪ್ರಸ್ಥಭೂಮಿಯವು. ಅಲ್ಲಿ ಜೂನ್ ಕೊನೆಯ ವಾರದಿಂದ ಜುಲೈ ಹತ್ತರವರೆಗೆ ಒಳ್ಳೆ ಕಾಲ. ಜುಲೈ ಮಧ್ಯಕ್ಕೆ ಕೊಯ್ಲಿನ ಯಂತ್ರ ಇಳಿಯುತ್ತದೆ. ಇಳಿದ ಮೇಲೆ ಇವತ್ತು ಕಂಡ ಹೊಲ ನಾಳೆ ಬರೀ ಕೂಳೆ. ಗೋರ್ಡ್ ಎಂಬ ಗುಡ್ಡದ ಊರಿನ ಹತ್ತಿರ ಸೆನಾಂಕ್ ಮಠವಿದೆ, 1148ರಲ್ಲಿ ಶುರುವಾದ ಕ್ರೈಸ್ತ ಸನ್ಯಾಸಿಗಳ ಮಠ. ಕಲ್ಲಿನ ಕಟ್ಟಡದ ಮುಂದೆ ಲ್ಯಾವೆಂಡರ್ ಸಾಲು. ಅಲ್ಲೂ ಹೆಚ್ಚುಕಡಿಮೆ ಇದೇ ದಿನಗಳು. ಇನ್ನೂ ಮೇಲೆ, ಸುಮಾರು 760 ಮೀಟರ್ ಎತ್ತರದಲ್ಲಿ ‘ಸೋ’ (Sault) ಎಂಬ ಊರು. ಇಂಗ್ಲಿಷಿನಲ್ಲಿ ಓದಿದರೆ ‘ಸಾಲ್ಟ್’ ಅನ್ನುವ ಹಾಗೆ ಕಾಣುತ್ತದೆ, ಮ್ಯಾಪಿನಲ್ಲಿ ಹುಡುಕುವಾಗ ಗೊಂದಲ ಬೇಡ. ಅಲ್ಲಿ ಜುಲೈ ಪೂರ್ತಿ ಹೂವು ಸಿಗುತ್ತದೆ. ಆಗಸ್ಟ್ 15ಕ್ಕೆ ಆ ಊರಲ್ಲಿ ಲ್ಯಾವೆಂಡರ್ ಹಬ್ಬ. ಹಬ್ಬ ನೋಡಿ ಆಸೆಪಟ್ಟು ಹೋಗಬೇಡಿ, ಅಷ್ಟೊತ್ತಿಗೆ ಹೊಲವೆಲ್ಲ ಹೆಚ್ಚುಕಡಿಮೆ ಕೊಯ್ದಾಗಿರುತ್ತದೆ.

ಮೂರೂ ಜಾಗ ನೋಡಬೇಕು, ಒಂದೇ ವಾರ ರಜೆ ಇದೆ ಅನ್ನುವವರಿಗೆ ನನ್ನ ಸಲಹೆ ಜುಲೈ 1ರಿಂದ 8. ವಸಂತದಲ್ಲಿ ಬಿಸಿಲು ಜಾಸ್ತಿ ಇದ್ದ ವರ್ಷ ಹೂವು ಕೆಲವು ದಿನ ಮುಂಚೆ ಬರುತ್ತದೆ. ಹಾಗಾಗಿ ಹೊರಡುವ ಹದಿನೈದು ದಿನ ಮೊದಲಿಂದ ಇನ್‌ಸ್ಟಾಗ್ರಾಂನಲ್ಲಿ ಆ ಊರಿನ ಹೆಸರು ಹಾಕಿ, ಅದೇ ವಾರದ ಫೋಟೊ ನೋಡುತ್ತಿರಿ. ಹೋದ ವರ್ಷದ್ದಲ್ಲ, ಅದೇ ವಾರದ್ದು. ಮೂರು ಜಾಗಗಳನ್ನು ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದನ್ನು ಆಮೇಲೂ ಬದಲಿಸಬಹುದು.

ಇಲ್ಲೊಂದು ಅಡ್ಡ ಮಾತು. ನಮಗೆ ಲ್ಯಾವೆಂಡರ್ ಅಂದರೆ ನೆಲ ಒರೆಸುವ ಲಿಕ್ವಿಡ್ ವಾಸನೆ, ಅಲ್ವಾ? ಅದಕ್ಕೂ ಒಂದು ಕಾರಣವಿದೆ. ವಲಾನ್‌ಸೋಲ್‌ನಲ್ಲಿ ಕಾಣುವುದು ಬಹುಪಾಲು ಲ್ಯಾವೆಂಡಿನ್, ಎರಡು ಜಾತಿಯ ಲ್ಯಾವೆಂಡರ್ ಕೂಡಿ ಹುಟ್ಟಿದ ಮಿಶ್ರತಳಿ. ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ದುಂಡಗೆ ದೊಡ್ಡ ಪೊದೆ, ಎಣ್ಣೆಯೂ ಜಾಸ್ತಿ. ಸೋಪು, ಬಟ್ಟೆ ಪುಡಿಗೆ ಹೋಗುವುದು ಇದೇ. ಅಸಲಿ ಲ್ಯಾವೆಂಡರ್ ಗಿಡ್ಡ ಗಿಡ, ಎತ್ತರದ ಜಾಗ ಬೇಡುತ್ತದೆ. ಅದರ ವಾಸನೆ ಮೆದು. ಗುರುತು ಸುಲಭ: ಅಸಲಿಯಲ್ಲಿ ಒಂದು ಕಡ್ಡಿಗೆ ಒಂದೇ ತೆನೆ. ಲ್ಯಾವೆಂಡಿನ್‌ನಲ್ಲಿ ಪಕ್ಕಕ್ಕೆ ಇನ್ನೆರಡು ತೆನೆ ಒಡೆದಿರುತ್ತವೆ. ಕಣ್ಣಿಗೆ ಹಬ್ಬ ಬೇಕಾದರೆ ವಲಾನ್‌ಸೋಲ್, ಮೂಗಿಗೆ ಬೇಕಾದರೆ ಸೋ.

ಶಾಲೆಗೆ ಹೋಗುವ ಮಕ್ಕಳಿದ್ದರೆ

ಇದೇ ದೊಡ್ಡ ತೊಡಕು. ಅಲ್ಲಿ ಹೂವು ಅರಳುವ ಹೊತ್ತಿಗೆ ಇಲ್ಲಿ ಮಳೆ ಶುರುವಾಗಿ, ಶಾಲೆಯೂ ಶುರುವಾಗಿರುತ್ತದೆ. ಚಿಕ್ಕ ತರಗತಿಯಾದರೆ ಒಂದು ವಾರ ರಜೆ ಕೇಳಬಹುದು. ಒಂಬತ್ತು, ಹತ್ತನೇ ತರಗತಿಯವರಿಗೆ ಅದು ಆಗದ ಮಾತು.

ಅಂಥವರು ಜಮ್ಮುವಿನ ಭದರ್ವಾಹ್ ಕಡೆ ನೋಡಿ. ಡೋಡಾ ಜಿಲ್ಲೆಯ ಬೆಟ್ಟದ ಊರು. ಮೆಕ್ಕೆಜೋಳ ಹಾಕುತ್ತಿದ್ದ ಅಲ್ಲಿಯ ರೈತರು ಕೇಂದ್ರ ಸರ್ಕಾರದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ‘ಅರೋಮಾ ಮಿಷನ್’ (ಸುಗಂಧ ಬೆಳೆಗಳ ಯೋಜನೆ) ಬಂದ ಮೇಲೆ ಲ್ಯಾವೆಂಡರ್‌ಗೆ ತಿರುಗಿದರು. ಇದನ್ನೇ ನೇರಳೆ ಕ್ರಾಂತಿ ಅನ್ನುತ್ತಾರೆ. ಜೂನ್‌ನಲ್ಲಿ ಹೂವು ಬರುತ್ತದೆ, ಲ್ಯಾವೆಂಡರ್ ಉತ್ಸವವೂ ಅಲ್ಲಿ ಜೂನ್ ಮೊದಲ ದಿನಗಳಲ್ಲೇ ನಡೆದದ್ದಿದೆ. ಅಂದರೆ ನಮ್ಮ ರಜೆಯ ಬಾಲ ಹಿಡಿದರೆ ಸಾಕು.

ಮುಂಬೈಯಿಂದ ವಿಮಾನದಲ್ಲಿ ಜಮ್ಮು, ಇಲ್ಲವೇ ಬಾಂದ್ರಾ ಟರ್ಮಿನಸ್‌ನಿಂದ ಸ್ವರಾಜ್ ಎಕ್ಸ್‌ಪ್ರೆಸ್. ರೈಲಿನ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಬೇಸಿಗೆ ರಜೆಯಲ್ಲಿ ವೈಷ್ಣೋದೇವಿಗೆ ಹೋಗುವವರ ನೂಕುನುಗ್ಗಲು ಇರುವುದರಿಂದ ಆ ದಿನ ಬೆಳಿಗ್ಗೆಯೇ ಕೂತು ಬುಕ್ ಮಾಡಿ. ಜಮ್ಮುವಿಂದ ಉಧಂಪುರ, ಚೆನಾನಿ–ನಾಶ್ರಿ ಸುರಂಗ, ಬಟೋಟ್ ಹಾದು ಸುಮಾರು 200 ಕಿಲೋಮೀಟರ್ ದಾರಿ. ಬೆಟ್ಟದ ರಸ್ತೆ, ಇಡೀ ದಿನ ಹಿಡಿಯುತ್ತದೆ ಅಂದುಕೊಂಡೇ ಹೊರಡಿ. ಹೊರಗಿನ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಒಬ್ಬರ ಹತ್ತಿರವಾದರೂ ಪೋಸ್ಟ್‌ಪೇಯ್ಡ್ ಇರಲಿ. ಹೋಗುವ ಮುನ್ನ ಅಲ್ಲಿಯ ಪರಿಸ್ಥಿತಿ, ರಸ್ತೆ ಹೇಗಿದೆ ಅಂತ ಉಳಿದುಕೊಳ್ಳುವ ಹೋಟೆಲಿನವರನ್ನೇ ಕೇಳಿ. ಒಂದು ಮಾತು ನೆನಪಿರಲಿ, ಅಲ್ಲಿಯದು ಇಳಿಜಾರಿನ ಚಿಕ್ಕ ಚಿಕ್ಕ ಹೊಲ. ಆಕಾಶದ ಅಂಚಿನ ತನಕ ಹಾಸಿದ ನೇರಳೆ ಕಂಬಳಿ ಹುಡುಕಿದರೆ ನಿರಾಸೆಯಾಗುತ್ತದೆ. ಆದರೆ ಹೂವಿಂದ ಎಣ್ಣೆ ತೆಗೆಯುವ ಭಟ್ಟಿಯನ್ನು ಹತ್ತಿರ ನಿಂತು ನೋಡಬಹುದು. ಹಿಂದಿಯಲ್ಲಿ ಮಾತಾಡಿದರೆ ರೈತರೇ ವಿವರಿಸುತ್ತಾರೆ. ಫ್ರಾನ್ಸಿನಲ್ಲಿ ಈ ಸುಖ ಇಲ್ಲ.

ವೀಸಾ ಕೆಲಸ ಹೋಳಿಯೊಳಗೆ ಶುರುವಾಗಲಿ

ಫ್ರಾನ್ಸೇ ಅಂತ ಗಟ್ಟಿ ಮಾಡಿದವರು ಮುಂದೆ ಓದಿ. ಬೇಕಾಗುವುದು ಶೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ಪ್ರಯಾಣದ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ತೀರಾ ತಡವೆಂದರೆ 15 ದಿನ ಮೊದಲು. ಜುಲೈ 1ಕ್ಕೆ ಹೊರಡುವವರಿಗೆ ಜನವರಿಯಲ್ಲೇ ಬಾಗಿಲು ತೆರೆದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಡೀ ಮುಂಬೈ ಯುರೋಪಿಗೆ ಹೊರಟಿರುತ್ತದೆ, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಹೋಳಿ ಹಬ್ಬದ ಹೊತ್ತಿಗೆ ವೀಸಾ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಬಂದರೆ ನೆಮ್ಮದಿ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದ ತನಕ ಎಳೆಯುತ್ತದೆ.

ಶುಲ್ಕ ದೊಡ್ಡವರಿಗೆ 90 ಯುರೊ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45. ಆರು ತುಂಬದವರಿಗೆ ಇಲ್ಲ. ಕೇಂದ್ರದವರ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೂ ಈ ದುಡ್ಡು ವಾಪಸ್ ಬರುವುದಿಲ್ಲ.

ಪಾಸ್‌ಪೋರ್ಟ್ ಕೈಗೆತ್ತಿಕೊಂಡು ಮೂರು ವಿಷಯ ನೋಡಿ: ಕೊಟ್ಟು ಹತ್ತು ವರ್ಷ ದಾಟಿರಬಾರದು, ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಕನಿಷ್ಠ 30,000 ಯುರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿಆರ್ (ಆದಾಯ ತೆರಿಗೆ ರಿಟರ್ನ್), ಆಫೀಸಿನ ರಜೆ ಪತ್ರ ಜೊತೆಗಿಡಿ. ಅರ್ಜಿ ಹಾಕುವ ಮುಂಚೆ ದಿಢೀರನೆ ಖಾತೆಗೆ ಎರಡು ಲಕ್ಷ ತುಂಬಿಸುವ ಬುದ್ಧಿವಂತಿಕೆ ಬೇಡ. ಅಧಿಕಾರಿಗಳು ನೋಡುವುದೇ ಅದನ್ನು. ಫ್ರಾನ್ಸಿನ ಜೊತೆಗೆ ಸ್ವಿಟ್ಜರ್ಲೆಂಡನ್ನೂ ಸೇರಿಸಿಕೊಂಡರೆ, ಜಾಸ್ತಿ ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ. ಟೂರ್ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್ (ದುಡ್ಡು ಕೊಡುವಾಗಲೇ ಕಂಪನಿಯವರು ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ, ಆ ರಸೀದಿ ಜೋಪಾನ. ಐಟಿಆರ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ.

ಎಲ್ಲಿ ಉಳಿಯುವುದು, ಹೇಗೆ ಓಡಾಡುವುದು

ಮುಂಬೈಯಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ. ಪ್ಯಾರಿಸ್‌ನ ಗಾರ್ ದ ಲಿಯೋಂ ನಿಲ್ದಾಣದಿಂದ ಟಿಜಿವಿ ಎಂಬ ವೇಗದ ರೈಲು ಹಿಡಿದರೆ ಪ್ರೊವಾನ್ಸ್‌ನ ಅವಿನ್ಯೋ ಊರಿಗೆ ಮೂರು ಗಂಟೆಯೂ ಬೇಡ. ಹೊರಡುವ ದಿನದ ಬಗ್ಗೆ ಒಂದು ಎಚ್ಚರಿಕೆ: ಜುಲೈ ಮಳೆಯಲ್ಲಿ ಡೊಂಬಿವಿಲಿ, ಕಲ್ಯಾಣ್ ಕಡೆಯಿಂದ ವಿಮಾನ ನಿಲ್ದಾಣಕ್ಕೆ ಹೊರಡುವವರು ಲೋಕಲ್ ರೈಲನ್ನು ನಂಬಿ ಕೂರಬೇಡಿ. ನೀರು ನಿಂತರೆ ರಸ್ತೆಯೂ ಕೈಕೊಡುತ್ತದೆ. ನಾವು ಐದು ಗಂಟೆ ಮುಂಚೆಯೇ ಮನೆ ಬಿಟ್ಟಿದ್ದೆವು, ಆದರೂ ಓಡಿಯೇ ಚೆಕ್-ಇನ್ ಮಾಡಬೇಕಾಯಿತು.

ಎಲ್ಲರೂ ಅವಿನ್ಯೋದಲ್ಲೇ ಉಳಿಯಿರಿ ಅನ್ನುತ್ತಾರೆ. ಕಾರು ಓಡಿಸದವರಿಗೆ ಅದು ಸರಿ, ಅಲ್ಲಿಂದ ಹೊಲಗಳಿಗೆ ದಿನದ ವ್ಯಾನ್ ಟೂರ್ ಹೊರಡುತ್ತವೆ. ಆದರೆ ಜುಲೈನಲ್ಲಿ ಆ ಊರಲ್ಲಿ ದೊಡ್ಡ ನಾಟಕೋತ್ಸವ, 1947ರಿಂದ ನಡೆಯುತ್ತಿರುವುದು. ರೂಮು ತುಟ್ಟಿ, ಸಿಕ್ಕರೆ ಪುಣ್ಯ. ಜನವರಿ, ಫೆಬ್ರವರಿಯಲ್ಲೇ ಹಿಡಿಯಬೇಕು, ರದ್ದು ಮಾಡಲು ಅವಕಾಶವಿರುವ ರೂಮನ್ನೇ ಹಿಡಿಯಿರಿ. ಕಾರು ಓಡಿಸುವವರು ಮನೋಸ್ಕ್, ಆಪ್ಟ್ ಎಂಬ ಊರುಗಳಲ್ಲಿ ಉಳಿದರೆ ಹೊಲ ಹತ್ತಿರ. ಬೆಳಿಗ್ಗೆ ಬೇಗ ಹೋಗುವುದಕ್ಕೂ ಅನುಕೂಲ.

ಕಾರಿಗೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಆರ್‌ಟಿಒದಲ್ಲಿ ಸಿಗುತ್ತದೆ, ಒಂದು ವರ್ಷ ನಡೆಯುತ್ತದೆ. ಜೊತೆಗೆ ಮೂಲ ಲೈಸೆನ್ಸೂ ಇರಲಿ. ಡೆಪಾಸಿಟ್ಟಿಗೆ ಓಡಿಸುವವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಆಟೊಮ್ಯಾಟಿಕ್ ಗಾಡಿ ಕಡಿಮೆ, ಮೊದಲೇ ಹೇಳಿಡಿ. ಅಲ್ಲಿ ಬಲಗಡೆ ಓಡಿಸುವುದು, ಸರ್ಕಲ್ ಬಂದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ. ಮೊದಲ ದಿನ ಪಕ್ಕದಲ್ಲಿ ಕೂತವರು ‘ಬಲಕ್ಕೆ, ಬಲಕ್ಕೆ’ ಅನ್ನುತ್ತಿರಲಿ. ನಮ್ಮ ಮನೆಯವರು ನನ್ನ ಮೇಲೆ ಸಿಡುಕಿದರು, ಆದರೆ ಕೆಲಸಕ್ಕೆ ಬಂತು.

ಹೊಲದಲ್ಲಿ

ಮಧ್ಯಾಹ್ನ ಹೋಗಬೇಡಿ. 35 ಡಿಗ್ರಿ ಬಿಸಿಲಿಗೆ ಬಣ್ಣ ಮಂಕಾಗಿ ಕಾಣುತ್ತದೆ, ಟೂರ್ ಬಸ್ಸುಗಳೆಲ್ಲ ಬರುವುದೂ ಆಗಲೇ. ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ಏಳರ ಮೇಲೆ ಹೋಗಿ. ಜುಲೈನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಸಂಜೆಯ ಊಟ ಮೊದಲೇ ಮುಗಿಸಿಕೊಂಡರೆ ಆರಾಮಾಗಿ ಕೂರಬಹುದು. ಮುಳುಗುವ ಬಿಸಿಲಿನಲ್ಲಿ ಆ ನೇರಳೆ ಮೊದಲು ಕೆಂಪಾಗಿ, ಆಮೇಲೆ ನೀಲಿಯಾಗಿ, ಕೊನೆಗೆ ಬೂದುಬಣ್ಣವಾಗುತ್ತದೆ. ಒಂದರ್ಧ ಗಂಟೆ ಫೋನ್ ಜೇಬಿಗೆ ಹಾಕಿ ನೋಡಿ.

ಹೊಲಕ್ಕೆ ಕಾಲಿಡುವ ಮೊದಲೇ ಕಿವಿಗೆ ಬೀಳುವುದು ಸದ್ದು. ಮರಗಳಲ್ಲಿ ಜೀರುಂಡೆ, ಹೂವಿನಲ್ಲಿ ಜೇನುನೊಣ. ಫೋಟೊದಲ್ಲಿ ಇದು ಗೊತ್ತಾಗುವುದಿಲ್ಲ. ಜೇನುನೊಣ ತಮ್ಮ ಪಾಡಿಗೆ ತಾವಿರುತ್ತವೆ, ಪೊದೆಗೆ ಕೈ ಹಾಕದಿದ್ದರೆ ಕಚ್ಚುವುದಿಲ್ಲ. ಚಪ್ಪಲಿ ಬೇಡ, ಶೂ ಹಾಕಿ. ಅಲರ್ಜಿ ಇರುವವರು ಔಷಧ ಇಟ್ಟುಕೊಳ್ಳಿ. ಹೊಲ ಯಾರದೋ ರೈತರದು ಅನ್ನುವುದು ತಲೆಯಲ್ಲಿರಲಿ. ಸಾಲುಗಳ ನಡುವೆ ನಡೆಯಿರಿ, ಪೊದೆಯ ಮೇಲೆ ಕೂರಬೇಡಿ, ಒಂದು ಕಡ್ಡಿಯನ್ನೂ ಕೀಳಬೇಡಿ. ನಮ್ಮ ಭತ್ತದ ಗದ್ದೆಯಲ್ಲಿ ಯಾರೋ ಸೆಲ್ಫಿಗೆ ಅಂತ ಉರುಳಾಡಿದರೆ ಹೇಗಿರುತ್ತದೆ? ಸೆನಾಂಕ್‌ನಲ್ಲಿ ಸನ್ಯಾಸಿಗಳು ಈಗಲೂ ವಾಸವಾಗಿದ್ದಾರೆ. ಅಲ್ಲಿ ಹೊಲದೊಳಗೆ ಇಳಿಯುವಂತಿಲ್ಲ, ಗದ್ದಲ ಮಾಡುವಂತಿಲ್ಲ.

ಚೀಲದಲ್ಲಿ ಏನು

ಹೊರಡುವಾಗ ಕೊಡೆ ಬೇಕು, ಇಳಿದ ಮೇಲೆ ಟೋಪಿ ಬೇಕು. ಹತ್ತಿ ಬಟ್ಟೆ, ನೀರಿನ ಬಾಟಲಿ. ಬಿಳಿ ಅಥವಾ ಹಳದಿ ಬಟ್ಟೆ ಫೋಟೊದಲ್ಲಿ ಎದ್ದು ಕಾಣುತ್ತದೆ, ನೇರಳೆ ಸೀರೆ ಉಟ್ಟರೆ ಹೊಲದಲ್ಲೇ ಕಳೆದುಹೋಗುತ್ತೀರಿ.

ಅವಲಕ್ಕಿ, ಚಟ್ನಿಪುಡಿ, ಖಡಕ್ ರೊಟ್ಟಿ ಒಯ್ಯಿರಿ. ಹಳ್ಳಿಗಳಲ್ಲಿ ಸಸ್ಯಾಹಾರ ಅಂದರೆ ಬದನೆಕಾಯಿ, ಟೊಮೆಟೊ ಬೇಯಿಸಿದ ರಾತಾತೂಯ್, ಬ್ರೆಡ್ಡು, ಸಲಾಡ್. ಎರಡು ದಿನ ಚೆಂದ, ಮೂರನೇ ದಿನ ನಾಲಿಗೆ ಹಟ ಮಾಡುತ್ತದೆ. ಆದರೆ ತುಪ್ಪ, ಪೇಡೆ, ಕುಂದಾ ಮನೆಯಲ್ಲೇ ಬಿಡಿ. ಯುರೋಪ್ ಒಕ್ಕೂಟದೊಳಕ್ಕೆ ನಾವು ಹಾಲಿನ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಹಸಿ ಕರಿಬೇವೂ ಬೇಡ.

ವಾಪಸ್ ಬರುವಾಗ ತರಲು ಲ್ಯಾವೆಂಡರ್ ಜೇನು ಒಳ್ಳೆಯದು, ಚೆಕ್-ಇನ್ ಚೀಲದಲ್ಲಿ ಹಾಕಿ. ಎಣ್ಣೆ ಕೊಳ್ಳುವವರು ಶೀಶೆಯ ಮೇಲೆ ‘ಎಒಪಿ’ ಗುರುತು ಹುಡುಕಿ. ಅದು ಮೇಲಿನ ಪ್ರೊವಾನ್ಸ್‌ನ ಅಸಲಿ ಲ್ಯಾವೆಂಡರ್‌ಗೆ ಮಾತ್ರ ಸಿಗುವ ಗುರುತು. ಬೆಲೆ ಜಾಸ್ತಿ, ಪುಟ್ಟ ಶೀಶೆ ಸಾಕು. ಗಿಡ ತರುವ ಆಸೆ ಬಿಡಿ. ಮುಂಬೈಯ ತೇವದಲ್ಲಿ ಅದು ಹೇಗೂ ಬದುಕುವುದಿಲ್ಲ.

ಒಣಹೂವು ತುಂಬಿ ಹೊಲಿದ ಪುಟ್ಟ ಬಟ್ಟೆ ಚೀಲಗಳು ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ನಾನು ಹತ್ತು ತಂದು, ಸೀರೆಗಳ ನಡುವೆ ಒಂದೊಂದು ಇಟ್ಟೆ. ಹೊರಗೆ ಜುಲೈ ಮಳೆ, ನಾಲ್ಕು ವಾರದಲ್ಲಿ ಆರಕ್ಕೆ ಬೂಸ್ಟು ಹಿಡಿದು, ಒಂದು ಇಳಕಲ್ ಸೀರೆಗೂ ಕಲೆಯಾಯಿತು. ಉಳಿದ ನಾಲ್ಕನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ಹಾಕಿ ಎತ್ತಿಟ್ಟು, ದಸರಾ ಕಳೆದ ಮೇಲೆ ತೆಗೆದೆ. ನೀವು ಮೊದಲೇ ಡಬ್ಬಕ್ಕೆ ಹಾಕಿ.