ಡೊಂಬಿವಲಿಯ ಅಡುಗೆಮನೆಯಲ್ಲಿ ಒಂದು ತೋಳಮರಿ

ಪ್ಲಾಸ್ಟಿಕ್ ಶೀಟು ಒವನ್‌ನಲ್ಲಿ ಕಾಯುವಾಗ ಮೊದಲು ಅಲೆ ಅಲೆಯಾಗಿ ಸುಕ್ಕುಗಟ್ಟುತ್ತದೆ. ನೋಡಿದವರಿಗೆ ಹಾಳಾಯ್ತು ಅನ್ನಿಸುತ್ತದೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಸುಕ್ಕೆಲ್ಲ ತಾನಾಗಿ ಬಿಡಿಸಿಕೊಂಡು, ಬೆಂಕಿಗೆ ಹಿಡಿದ ತಮಟೆಯ ಹಾಗೆ ಬಿಗಿಯಾಗುತ್ತದೆ. ಆಮೇಲೆ ನಿಧಾನಕ್ಕೆ ನಡುಭಾಗ ಜೋಲತೊಡಗುತ್ತದೆ. ಜೋಲು ಒಂದು ಬೆರಳಿನಷ್ಟು ಆದಾಗ ತೆಗೆದು ಅಚ್ಚಿನ ಮೇಲೆ ಒತ್ತಬೇಕು. ಕೆಳಗಿನಿಂದ ಗಾಳಿ ಎಳೆದರೆ ಶೀಟು ಅಚ್ಚಿನ ಆಕಾರಕ್ಕೆ ಕೂರುತ್ತದೆ, ಇದಕ್ಕೇ ಶೀಟು ಎಳೆಯುವುದು ಅನ್ನುವುದು. ಕೈಯಲ್ಲಿರುವುದು ಮೂರು ನಾಲ್ಕು ಸೆಕೆಂಡು ಮಾತ್ರ. ಅಷ್ಟರಲ್ಲಿ ಒತ್ತದಿದ್ದರೆ ಶೀಟು ತಣ್ಣಗಾಗಿ ಗಟ್ಟಿಯಾಯ್ತು ಅಂತಲೇ ಲೆಕ್ಕ.

ಇದನ್ನು ಕಲಿಯಲು ನನಗೆ ಹನ್ನೊಂದು ಶೀಟು ಬೇಕಾಯಿತು. ಕಲಿತದ್ದು ಒಂದು ವಿಮಾನದ ಮಾಡೆಲ್ ಮಾಡಲು. ಅದರ ಹೆಸರು ವೋಲ್ಫ್‌ಶೆನ್. ಜರ್ಮನ್ ಭಾಷೆಯಲ್ಲಿ ತೋಳಮರಿ ಅಂತ ಅರ್ಥ.

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ 'ವೋಲ್ಫ್' ಅನ್ನುವ ಹಡಗು ಸಾಮಾನು ಹಡಗಿನ ವೇಷದಲ್ಲಿ 1916ರ ನವೆಂಬರ್ 30ರಂದು ಕೀಲ್ ಬಂದರು ಬಿಟ್ಟಿತು. ಕ್ಯಾಪ್ಟನ್ ಕಾರ್ಲ್ ಆಗಸ್ಟ್ ನೆರ್ಗರ್. ಆಫ್ರಿಕಾ ಸುತ್ತಿ ಹಿಂದೂ ಮಹಾಸಾಗರಕ್ಕೆ ಬಂದು, ಕೊಲಂಬೊ ಎದುರು, ಆಮೇಲೆ 1917ರ ಫೆಬ್ರವರಿಯಲ್ಲಿ ನಮ್ಮ ಮುಂಬೈ ಎದುರಿನ ಸಮುದ್ರದಲ್ಲಿ, ಹಡಗು ತಾಗಿದರೆ ಸಿಡಿಯುವ ಮೈನ್‌ಗಳನ್ನು ಬಿಟ್ಟು ಹೋಯಿತು. ನಾಲ್ಕು ತಿಂಗಳ ನಂತರ, ಜೂನ್ 23ರಂದು, 'ಮಂಗೋಲಿಯಾ' ಅನ್ನುವ ದೊಡ್ಡ ಪ್ರಯಾಣಿಕರ ಹಡಗು ಮುಂಬೈಯಿಂದ ಸುಮಾರು 50 ಮೈಲಿ ದೂರದಲ್ಲಿ ಅಂಥ ಒಂದು ಮೈನ್‌ಗೆ ತಾಗಿ ಮುಳುಗಿತು. ಜನ ಸತ್ತರು. ಮೂವತ್ತು ವರ್ಷ ಈ ಊರಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ಗೊತ್ತಾದ ದಿನ ಸಂಜೆ ಮರೀನ್ ಡ್ರೈವ್ ಕಟ್ಟೆ ಮೇಲೆ ಬಹಳ ಹೊತ್ತು ಸುಮ್ನೆ ಕೂತಿದ್ದೆ.

ಆ ಹಡಗಿನ ಹೊಟ್ಟೆಯಲ್ಲಿ ಬಿಚ್ಚಿಟ್ಟ ಒಂದು ವಿಮಾನವಿತ್ತು. ಫ್ರೀಡ್ರಿಶ್ಸ್‌ಹಾಫೆನ್ ಎಫ್‌ಎಫ್ 33ಇ, ಎರಡು ಫ್ಲೋಟ್‌ಗಳ ಮೇಲೆ, ಅಂದರೆ ದೋಣಿಯಂಥ ತೇಲುವ ಕಾಲುಗಳ ಮೇಲೆ, ನಿಲ್ಲುವ ನೀರಿನ ವಿಮಾನ. ರೆಕ್ಕೆ ಮೇಲೊಂದು ಕೆಳಗೊಂದು. ಬೇಕಾದಾಗ ಡೆಕ್ ಮೇಲೆ ತಂದು ರೆಕ್ಕೆ ಜೋಡಿಸಿ, ಕ್ರೇನಿನಿಂದ ನೀರಿಗೆ ಇಳಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಮತ್ತೆ ಎತ್ತಿಕೊಳ್ಳುತ್ತಿದ್ದರು. 1917ರ ಜೂನ್‌ನಲ್ಲಿ ನ್ಯೂಜಿಲೆಂಡ್‌ಗೆ ಉತ್ತರದ ಕೆರ್ಮಾಡೆಕ್ ದ್ವೀಪಗಳ ಹತ್ತಿರ ವೋಲ್ಫ್ ಇಂಜಿನ್ ರಿಪೇರಿಗೆ ನಿಂತಿತ್ತು. ಆಗ 'ವೈರುನಾ' ಅನ್ನುವ ಹಡಗು ಎದುರಾಯಿತು. ತೋಳಮರಿ ಹಾರಿಹೋಗಿ ಅದರ ಡೆಕ್ ಮೇಲೆ ಒಂದು ಚೀಟಿ ಎಸೆಯಿತು: ವೈರ್‌ಲೆಸ್ ಮುಟ್ಟಬೇಡಿ, ನಮ್ಮ ಹಡಗಿನ ಕಡೆಗೆ ತಿರುಗಿ. ಮುಂದುಗಡೆ ನೀರಿಗೆ ಒಂದು ಬಾಂಬೂ ಬಿತ್ತು. ವೈರುನಾ ತಿರುಗಿತು.

ವೋಲ್ಫ್ 451 ದಿನ ಸಮುದ್ರದಲ್ಲೇ ಇದ್ದು, 1918ರ ಫೆಬ್ರವರಿ 24ರಂದು ಊರು ಸೇರಿತು. ಬಟ್ಟೆ ಸುತ್ತಿದ ಮರದ ವಿಮಾನ ಅಷ್ಟು ದಿನ ಉಪ್ಪುಗಾಳಿಯಲ್ಲಿ ಬಾಳಿದ್ದು ಅದನ್ನು ಬಿಚ್ಚಿ ಜೋಡಿಸಿ ನೋಡಿಕೊಂಡ ಕೈಗಳಿಂದ. ನಾನು ಕಾರ್ಖಾನೆಯ ಟೂಲ್ ರೂಮಿನಲ್ಲಿ ಡೈ, ಅಂದರೆ ಅಚ್ಚು, ಮಾಡುತ್ತಾ ನಿವೃತ್ತನಾದವನು. ನನ್ನ ಮನಸ್ಸು ಹೋದದ್ದು ಆ ಕೈಗಳ ಕಡೆಗೆ. ಅದಕ್ಕೇ ಮಾಡೆಲ್ ಶುರು ಮಾಡುವಾಗಲೇ ಒಂದು ತೀರ್ಮಾನ ಮಾಡಿದೆ. ನನ್ನ ತೋಳಮರಿಯ ರೆಕ್ಕೆಯೂ ಬಿಚ್ಚಿ ಜೋಡಿಸಲು ಬರಬೇಕು.

ಅಳತೆ 1/48. ಅಸಲಿ ವಿಮಾನದ ರೆಕ್ಕೆ ಹರವು 16.75 ಮೀಟರ್, ನನ್ನದರಲ್ಲಿ ಸುಮಾರು 349 ಮಿ.ಮೀ. ಅಡುಗೆಮನೆಯ ಚಿಕ್ಕ ಒವನ್‌ನಲ್ಲಿ ಎ4 ಕಾಗದದಷ್ಟು ಶೀಟು ಮಾತ್ರ ಹಿಡಿಯುತ್ತದೆ. ಹಾಗಾಗಿ ಪ್ರತಿ ರೆಕ್ಕೆಯನ್ನೂ ಎಡ ಬಲ ಬೇರೆ ಬೇರೆಯಾಗಿಯೇ ಎಳೆಯಬೇಕಾಯಿತು. ಬಿಚ್ಚುವ ರೆಕ್ಕೆಗೆ ಅದೇ ಅನುಕೂಲವೂ ಆಯಿತು.

ಅಚ್ಚಿಗೆ ಮರ ಕೊಟ್ಟವರು ಶಿರಸಿಯ ನಮ್ಮ ಸೋದರಮಾವ. ಶಿವನೆ ಮರ. ನಮ್ಮ ಕಡೆ ಗುಡಿಗಾರರು ಕೆತ್ತನೆಗೆ ಬಳಸುವ ಮರ ಅದು. ಹಗುರ, ನಾರು ಒಂದೇ ಸಮ, ಬಿರಿಯುವುದಿಲ್ಲ. ಮೊದಲು ನಾನು ಕೈಗೆ ಸಿಕ್ಕ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರದಲ್ಲಿ ಪ್ರಯತ್ನಿಸಿದ್ದೆ. ಅದರ ನಾರು ಗಟ್ಟಿ ಮೆತ್ತಗೆ ಗಟ್ಟಿ ಮೆತ್ತಗೆ ಇರುತ್ತದೆ. ಪಾಲಿಶ್ ಪೇಪರ್ ತಿಕ್ಕಿದಂತೆಲ್ಲ ಮೆತ್ತಗಿನ ಗೆರೆ ಒಳಗೆ ಹೋಗಿ ಗಟ್ಟಿ ಗೆರೆ ಮೇಲೆ ನಿಲ್ಲುತ್ತದೆ. ಶೀಟು ಅದನ್ನೆಲ್ಲ ಹಾಗೇ ಎತ್ತಿಕೊಂಡು ತೋರಿಸುತ್ತದೆ. ಅಚ್ಚಿನಲ್ಲಿ ಉಗುರಿಗೆ ತಾಗುವ ಯಾವ ತಪ್ಪೂ ಶೀಟಿನಲ್ಲಿ ಮುಚ್ಚಿಹೋಗುವುದಿಲ್ಲ.

ಅಚ್ಚಿನ ವಿಷಯದಲ್ಲಿ ಮೂರು ಮಾತು ಬಿಡಿಸಿ ಹೇಳಬೇಕು, ಸೋಲುವುದು ಇಲ್ಲೇ. ಶೀಟು ಅಚ್ಚಿನ ಹೊರಗಿನಿಂದ ಕೂರುತ್ತದೆ, ಆದ್ದರಿಂದ ಅಚ್ಚು ಮಾಡೆಲಿನ ಅಳತೆಗಿಂತ ಶೀಟಿನ ದಪ್ಪದಷ್ಟು ಸಣ್ಣದಿರಬೇಕು. ನಾನು 1 ಮಿ.ಮೀ. ಶೀಟು ಬಳಸಿದೆ. ಎಳೆದಾಗ ಅದು ತೆಳುವಾಗುತ್ತದೆ, ಹಾಗಾಗಿ ಎಲ್ಲ ಬದಿಗೂ ಮುಕ್ಕಾಲು ಮಿ.ಮೀ. ಕಡಿಮೆ ಕೆತ್ತಿದೆ. ಎರಡನೆಯದು, ಅಚ್ಚನ್ನು ನೇರವಾಗಿ ಗಾಳಿ ಎಳೆಯುವ ಪೆಟ್ಟಿಗೆಯ ಮೇಲೆ ಇಡಬಾರದು. ಬುಡದಲ್ಲಿ ಶೀಟು ಮೂಲೆಯವರೆಗೆ ಹೋಗದೆ ದುಂಡಗೆ ತಿರುಗಿಬಿಡುತ್ತದೆ. ಅಡಿಗೆ ಅದೇ ಆಕಾರದ 3 ಮಿ.ಮೀ. ಪ್ಲೈವುಡ್ ಪೀಠ ಅಂಟಿಸಿದರೆ ಆ ದುಂಡು ಪೀಠದ ಮೇಲೆ ಬೀಳುತ್ತದೆ, ಮಾಡೆಲಿನ ಅಂಚು ಚೂಪಾಗಿ ಉಳಿಯುತ್ತದೆ. ಮೂರನೆಯದು ಗೋಡೆಯ ಓರೆ. ಈ ವಿಮಾನದ ಫ್ಲೋಟ್‌ಗಳು ಪೆಟ್ಟಿಗೆಯ ಹಾಗೆ ನೇರ ಪಕ್ಕದವು. ನೇರ ಗೋಡೆಯ ಅಚ್ಚು ಶೀಟಿನಿಂದ ಬಿಡಿಸಿ ಬರುವುದಿಲ್ಲ. ಡೈ ಕೆಲಸದಲ್ಲಿದ್ದವರಿಗೆ ಇದು ಹೇಳಬೇಕಾಗಿಲ್ಲ. ಫ್ಲೋಟನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಪಕ್ಕ ಮೇಲಾಗುವಂತೆ ಮಲಗಿಸಿ, ಸುತ್ತಲಿನ ಗೋಡೆಗೆ ಎರಡು ಡಿಗ್ರಿಯಷ್ಟು ಓರೆ ಕೊಟ್ಟೆ. ಸಲೀಸಾಗಿ ಬಂತು.

ಎಳೆಯುವ ಪೆಟ್ಟಿಗೆ ಏನೂ ದೊಡ್ಡ ವಿಷಯವಲ್ಲ. ಪ್ಲೈವುಡ್ ಡಬ್ಬಿ, ಮೇಲ್ಭಾಗಕ್ಕೆ ಒಂದೊಂದು ಸೆಂಟಿಮೀಟರಿಗೆ 2 ಮಿ.ಮೀ. ತೂತು, ಪಕ್ಕದಲ್ಲಿ ಮನೆಯ ವ್ಯಾಕ್ಯೂಮ್ ಕ್ಲೀನರಿನ ಪೈಪು, ಸುತ್ತ ಕಿಟಕಿಗೆ ಹಾಕುವ ಫೋಮ್ ಪಟ್ಟಿ. ಶೀಟನ್ನು ಎರಡು ಮರದ ಚೌಕಟ್ಟಿನ ನಡುವೆ ಬೈಂಡರ್ ಕ್ಲಿಪ್‌ನಿಂದ ಹಿಡಿಯಬೇಕು. ಕ್ಲೀನರ್ ಗಾಳಿಯನ್ನು ಬೇಗ ಎಳೆಯುತ್ತದೆ, ಆದರೆ ಬಲ ಕಡಿಮೆ. ಫ್ಲೋಟ್, ರೆಕ್ಕೆಯಂಥ ಎತ್ತರ ಕಡಿಮೆಯ ಆಕಾರಕ್ಕೆ ಸಾಕು. ತಗ್ಗು ಇರುವ ಜಾಗದಲ್ಲಿ, ಅಂದರೆ ಫ್ಲೋಟಿನ ತಳದ ಮೆಟ್ಟಿಲಿನ ಮೂಲೆಯಲ್ಲಿ, ಅಚ್ಚಿಗೇ ಅರ್ಧ ಮಿ.ಮೀ. ತೂತು ಕೊರೆದೆ. ಗಾಳಿ ಸಿಕ್ಕಿಕೊಂಡರೆ ಆ ಮೂಲೆ ಮೊಂಡಾಗುತ್ತದೆ.

ಒವನ್ ವಿಷಯ. ಪ್ಲಾಸ್ಟಿಕ್ ಕಾಯಿಸಿದ್ದರಲ್ಲಿ ಮತ್ತೆ ಅಡುಗೆ ಮಾಡಬಾರದು. ಹಳೆಯದನ್ನು ನನಗೆ ಬಿಟ್ಟು ಮನೆಯವಳಿಗೆ ಹೊಸದು ತಂದೆವು. ಕಿಟಕಿ ಎಲ್ಲ ತೆಗೆದಿಟ್ಟು, ಫ್ಯಾನ್ ಮಾತ್ರ ಆರಿಸಿ ಕೆಲಸ ಮಾಡುತ್ತಿದ್ದೆ. ಫ್ಯಾನ್ ಗಾಳಿ ತಾಗಿದರೆ ಆ ಮೂರು ಸೆಕೆಂಡು ಒಂದಾಗಿಬಿಡುತ್ತದೆ.

ಶುರುವಿನ ಶೀಟುಗಳು ಕೆಟ್ಟದ್ದು ಮಳೆಗಾಲದಿಂದ. ಅಂಗಡಿಯಲ್ಲಿ ಎಬಿಎಸ್ ಅನ್ನುವ ಪ್ಲಾಸ್ಟಿಕ್ ಶೀಟು ಗಟ್ಟಿ ಅಂತ ಕೊಟ್ಟಿದ್ದರು. ಗಟ್ಟಿ ನಿಜ. ಆದರೆ ಎಬಿಎಸ್ ಗಾಳಿಯ ತೇವ ಕುಡಿಯುತ್ತದೆ. ಜುಲೈ ತಿಂಗಳ ಡೊಂಬಿವಲಿಯಲ್ಲಿ ಕಪಾಟಿನೊಳಗಿನ ಬಟ್ಟೆಯೇ ಒದ್ದೆ, ಅಲ್ವಾ? ಕಾಯಿಸಿದಾಗ ಆ ತೇವ ಆವಿಯಾಗಿ ಶೀಟಿನ ತುಂಬ ಹಪ್ಪಳದ ಹಾಗೆ ಗುಳ್ಳೆ ಎದ್ದವು. ಹಿಪ್ಸ್ ಅನ್ನುವ ಪಾಲಿಸ್ಟೈರಿನ್ ಶೀಟಿಗೆ ಈ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಬದಲಿಸಿದೆ. ಮರದ ಅಚ್ಚಿಗೂ ಸೀಲರ್ ಮೂರು ಕೋಟ್ ಹೊಡೆದು ಬಿಸಿಲು ಬಂದ ದಿನ ಒಣಗಿಸಿಟ್ಟೆ.

ಆಮೇಲಿನ ಸೋಲು ನನ್ನ ಅವಸರದ್ದು. ನಾಲ್ಕು ಫ್ಲೋಟ್ ಸೀಳುಗಳನ್ನೂ ಒಂದೇ ಶೀಟಿನಲ್ಲಿ ಎಳೆಯೋಣ ಅಂತ ಹತ್ತಿರ ಹತ್ತಿರ ಇಟ್ಟೆ. ಎರಡು ಅಚ್ಚಿನ ನಡುವೆ ಶೀಟು ತಳಕ್ಕೆ ಇಳಿಯದೆ ಬಾವಲಿ ರೆಕ್ಕೆಯ ಹಾಗೆ ಮಡಿಕೆ ಹೊಡೆಯಿತು. ಅಚ್ಚಿನ ಎತ್ತರದ ಎರಡರಷ್ಟು ಅಂತರ ಇಟ್ಟ ಮೇಲೆ ನಿಂತಿತು. ಹನ್ನೊಂದನೆಯ ಶೀಟು ಅಚ್ಚಿನಿಂದ ಬಿಟ್ಟುಕೊಂಡು ಬಂದಾಗ ಮೆಟ್ಟಿಲಿನ ಮೂಲೆ ಬ್ಲೇಡಿನಲ್ಲಿ ಕತ್ತರಿಸಿದಂತಿತ್ತು. ಆ ರಾತ್ರಿ ಅದನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದೆ.

ಶೀಟಿನಿಂದ ಭಾಗ ಬಿಡಿಸುವುದು ತಾಳ್ಮೆಯ ಕೆಲಸ. ಮೊದಲು ಅಂಚಿನ ಸುತ್ತ ಕಪ್ಪು ಪೆನ್ನಿನಲ್ಲಿ ಗೆರೆ. ಬ್ಲೇಡನ್ನು ಓರೆಯಾಗಿ ಹಿಡಿದು ಎರಡು ಮೂರು ಸಲ ಗೀರಿದರೆ ಸಾಕು, ಬಗ್ಗಿಸಿದಾಗ ತುಂಡಾಗುತ್ತದೆ. ಪೂರ್ತಿ ಕೊಯ್ಯಲು ಹೋದರೆ ಬ್ಲೇಡು ಜಾರುತ್ತದೆ. ಆಮೇಲೆ ಗಾಜಿನ ಮೇಲೆ ನೀರು ಹಾಕಿ 220 ನಂಬರಿನ ಪೇಪರ್ ಅಂಟಿಸಿ, ಭಾಗವನ್ನು ಎಂಟರ ಆಕಾರದಲ್ಲಿ ತಿಕ್ಕಬೇಕು. ಕಪ್ಪು ಗೆರೆ ಕೂದಲಿನಷ್ಟು ಆದಾಗ ನಿಲ್ಲಿಸಬೇಕು. ರೆಕ್ಕೆಯ ಹಿಂದಿನ ಅಂಚನ್ನು ಒಳಗಿನಿಂದ ತಿಕ್ಕುತ್ತಾ ತಿಕ್ಕುತ್ತಾ ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿದೆ. ಬಟ್ಟೆಯ ರೆಕ್ಕೆ ಅಂತ ಕಣ್ಣಿಗೆ ಅನ್ನಿಸುವುದು ಆ ಅಂಚಿನಿಂದಲೇ. ಪಕ್ಕೆಲುಬಿನ ಉಬ್ಬಿಗೆ ಅಚ್ಚಿನ ಮೇಲೆ ಹೊಲಿಗೆ ದಾರದ ಎಳೆಗಳನ್ನು ಅಂಟಿಸಿದ್ದೆ. ದಾರ ಜಾಸ್ತಿ ದಪ್ಪ ಆದರೆ ಹಂಚಿನ ಮಾಡಿನ ಹಾಗೆ ಕಾಣುತ್ತದೆ, ಸಿಕ್ಕಿದ್ದರಲ್ಲಿ ತೆಳುವಾದದ್ದೇ ಬೇಕು.

ಅರ್ಧ ಭಾಗಗಳನ್ನು ಕೂಡಿಸುವಾಗ ಒಳಗಡೆ ಶೀಟಿನ ಚಿಕ್ಕ ಪಟ್ಟಿಗಳನ್ನು ನಾಲಿಗೆಯ ಹಾಗೆ ಅಂಟಿಸಿದರೆ ಇನ್ನರ್ಧ ಜಾರದೆ ಕೂರುತ್ತದೆ. ಇಂಜಿನ್ ಬೆಂಜ್ ಕಂಪನಿಯ 150 ಅಶ್ವಶಕ್ತಿಯದು, ಒಂದೇ ಸಾಲಿನಲ್ಲಿ ಆರು ಸಿಲಿಂಡರ್. ಪೆನ್ನಿನ ರೀಫಿಲ್ ತುಂಡುಗಳಲ್ಲಿ ಅದು ಒಂದು ಸಂಜೆಯ ಕೆಲಸ.

ನಿಜವಾದ ಕಷ್ಟ ರೆಕ್ಕೆ ಬಿಚ್ಚುವುದರಲ್ಲಿತ್ತು. ಈ ವಿಮಾನಕ್ಕೆ ಒಂದೊಂದು ಬದಿಗೆ ಎರಡು ರೆಕ್ಕೆಗಳ ನಡುವೆ ಕಂಬಗಳಿಂದಾದ ಮೂರು ಅಂಕಣ, ನಡುವೆಲ್ಲ ಓರೆ ತಂತಿಗಳು. ರೆಕ್ಕೆ ಬಿಚ್ಚಿದರೆ ತಂತಿ ಏನಾಗಬೇಕು? ಎರಡು ವಾರ ಕಾಗದದ ಮೇಲೆ ಗೀಚಿದೆ. ಕೊನೆಗೆ ಹಡಗಿನವರು ಹೇಗೆ ಮಾಡಿರಬಹುದು ಅಂತ ಯೋಚಿಸಿದಾಗ ದಾರಿ ಕಂಡಿತು. ಮೇಲಿನ ರೆಕ್ಕೆ, ಕೆಳಗಿನ ರೆಕ್ಕೆ, ನಡುವಿನ ಕಂಬ, ತಂತಿ ಎಲ್ಲ ಸೇರಿ ಒಂದು ಬದಿ ಒಂದೇ ಪಂಜರ. ಆ ಪಂಜರ ಇಡಿಯಾಗಿ ಹೊರಬರಬೇಕು. ಬಿಚ್ಚಬೇಕಾದದ್ದು ವಿಮಾನದ ಮೈಗೆ ಹತ್ತಿರದ ಅಂಕಣದ ತಂತಿಗಳು ಮಾತ್ರ.

ಮುಂಬೈಯ ನಾಗದೇವಿ ಸ್ಟ್ರೀಟಿನಲ್ಲಿ 1 ಮಿ.ಮೀ. ಹಿತ್ತಾಳೆ ಕಡ್ಡಿ, ಅದು ಸರಿಯಾಗಿ ಕೂರುವ ನಳಿಗೆ ಹುಡುಕಿ ತಂದೆ. ನಳಿಗೆ ಮೈಯೊಳಗೆ, ಕಡ್ಡಿ ರೆಕ್ಕೆಯ ಬುಡದಲ್ಲಿ. ಕಂಬಗಳಿಗೆ ಬಿದಿರು ಸೀಳಿ ಹೆರೆದೆ. ಪ್ಲಾಸ್ಟಿಕ್ ಕಂಬ ತಂತಿಯ ಎಳೆತಕ್ಕೆ ಬಾಗುತ್ತದೆ, ಬಿದಿರು ಬಾಗುವುದಿಲ್ಲ. ಪಂಜರದೊಳಗಿನ ತಂತಿಗೆ ಮೀನು ಹಿಡಿಯುವ ತೆಳು ನೈಲಾನ್. ಸಡಿಲಾದ ಕಡೆ ಉರಿಯುವ ಊದುಬತ್ತಿಯನ್ನು ಹತ್ತಿರ, ತಾಗದಂತೆ, ಹಿಡಿದರೆ ಅದು ತಾನಾಗಿ ಬಿಗಿಯುತ್ತದೆ. ಬಿಚ್ಚುವ ತಂತಿಗಳಿಗೆ ಮಾತ್ರ ಎಳೆದರೆ ಹಿಗ್ಗುವ ಲೈಕ್ರಾ ಎಳೆ, ತುದಿಗೆ ತಾಮ್ರದ ಸಣ್ಣ ಕೊಕ್ಕೆ. ಚಿಮಟದಲ್ಲಿ ಎಳೆದು ಮೈಯ ಪಕ್ಕದ ಉಂಗುರಕ್ಕೆ ಸಿಕ್ಕಿಸಿದರೆ ಆಯಿತು. ಒಂದು ಬದಿಗೆ ಎಂಟು ಕೊಕ್ಕೆ.

ಬಣ್ಣಕ್ಕೆ ಹೆಚ್ಚು ದಿನ ಹೋಗಲಿಲ್ಲ. ಫೋಟೊಗಳಲ್ಲಿ ತಿಳಿಯಾಗಿ ಕಾಣುವ ಬಟ್ಟೆ, ಎಣ್ಣೆ ಹೀರಿದ ಬಿಳಿ ಪಂಚೆಯ ಬಣ್ಣ ಕೊಟ್ಟೆ. ಜರ್ಮನ್ ವಿಮಾನಗಳ ಗುರುತಾಗಿದ್ದ ಆ ಕಾಲದ ಶಿಲುಬೆಗಳು ತುದಿಗೆ ಅಗಲವಾಗುವಂಥವು. ನೇರ ಗೆರೆಯ ಶಿಲುಬೆ ಬಂದದ್ದು 1918ರಲ್ಲಿ, ಅದನ್ನು ಇದರ ಮೇಲೆ ಹಾಕಿದರೆ ತಪ್ಪು.

ಮಾಡೆಲ್ ಮುಗಿದಾಗ ಸೋದರಮಾವ ಮಾಟುಂಗಾದ ಮಗಳ ಮನೆಗೆ ಬಂದಿದ್ದರು. ಅವರಿಗೆ ತೋರಿಸದೆ ಹೇಗೆ? ಎರಡು ಪಂಜರಗಳನ್ನೂ ಮೈಯನ್ನೂ ಸ್ಪಂಜಿನ ಮನೆಗಳಲ್ಲಿ ಕೂರಿಸಿ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದ ಲೋಕಲ್‌ನಲ್ಲಿ ಹೋದೆ. ಅವರ ಊಟದ ಮೇಜಿನ ಮೇಲೆ ಬಲರೆಕ್ಕೆ ನಾನು ಸಿಕ್ಕಿಸಿದೆ. ಎಡರೆಕ್ಕೆಯನ್ನು ಮಾವ ತಾವೇ ತೆಗೆದುಕೊಂಡರು. ಕಡ್ಡಿ ನಳಿಗೆಯೊಳಗೆ ಟಕ್ ಅಂತ ಕೂತಿತು. ಕೊಕ್ಕೆಗಳನ್ನು ಒಂದೊಂದಾಗಿ ಹಾಕಿದರು. ಎಪ್ಪತ್ತೆಂಟು ವರ್ಷದ ಕೈ, ಒಂದೂ ತಪ್ಪಲಿಲ್ಲ. ಆಮೇಲೆ ಫ್ಲೋಟಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು.

"ಇದು ನಾ ಕೊಟ್ಟ ಶಿವನೆಯೇನೋ?"

"ಅಲ್ಲ ಮಾವ. ಶಿವನೆ ಒಳಗಿತ್ತು, ತೆಗೆದೆ."

ಚೀಲದಿಂದ ಅಚ್ಚು ತೆಗೆದು ಅವರ ಅಂಗೈಯಲ್ಲಿಟ್ಟೆ. ಅವರು ವಿಮಾನ ಬಿಟ್ಟು ಅದನ್ನೇ ಕಿಟಕಿಯ ಬೆಳಕಿಗೆ ಹಿಡಿದು, ನಾರು ಹೋದ ದಿಕ್ಕನ್ನು ನೋಡತೊಡಗಿದರು.